ಕುಶನ್‌ನೊಳಗೆ ಗಾಳಿ ಕೂರಿಸುವ ಯಂತ್ರ

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ‘ಕುಶನ್ ವರ್ಕ್ಸ್’ ಎಂಬ ಬೋರ್ಡು ಒಂದಾದರೂ ಕಣ್ಣಿಗೆ ಬೀಳುತ್ತದೆ. ಆಟೊ ಸೀಟು, ಬೈಕ್ ಸೀಟು, ಟ್ರ್ಯಾಕ್ಟರ್ ಸೀಟು, ಮನೆಯ ಸೋಫಾ, ಕ್ಲಿನಿಕ್ಕಿನ ಬೆಂಚು, ಎಲ್ಲಕ್ಕೂ ಅದೇ ಅಂಗಡಿ. ಬಾಗಿಲಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗಳು, ಅಟ್ಟದ ಮೇಲೆ ಫೋಮಿನ ಹಾಳೆಗಳು. ಒಳಗೆ ಬಂದ ಗಿರಾಕಿ ಬಟ್ಟೆಯ ಬಣ್ಣ ನೋಡುತ್ತಾನೆ, ಹೂವಿನ ಚಿತ್ತಾರ ಇಷ್ಟವಾಯಿತೇ ಎಂದು ಹೆಂಡತಿಯನ್ನು ಕೇಳುತ್ತಾನೆ, ಮೀಟರಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತಾನೆ. ಬಟ್ಟೆಯೊಳಗೆ ಏನು ತುಂಬುತ್ತೀರಿ, ಹೇಗೆ ತುಂಬುತ್ತೀರಿ ಎಂದು ವಿಚಾರಿಸುವವರು ಕಡಿಮೆ. ಆದರೆ ಹೊರಗಿನ ಬಟ್ಟೆ ಎಷ್ಟು ವರ್ಷ ಬಾಳಿದರೇನು, ಒಳಗಿನದು ಕುಸಿದ ದಿನವೇ ಸೋಫಾದ ಆಯುಸ್ಸು ಮುಗಿದಂತೆ.

ಈ ತುಂಬುವ ಕೆಲಸಕ್ಕೆಂದೇ ಯಂತ್ರಗಳಿವೆ. ಅಂಗಡಿಯ ಹಿಂಭಾಗದಲ್ಲೋ ಊರಾಚೆಯ ಶೆಡ್ಡಿನಲ್ಲೋ ಇರುವ ಇವುಗಳನ್ನು ಕಂಡವರು ವಿರಳ.

ತುಂಬುವುದು ಏನನ್ನು?

ಯಂತ್ರದ ಕೆಲಸ ತಿಳಿಯಬೇಕಾದರೆ ಕುಶನ್ ಅಂದರೆ ಏನೆಂಬುದನ್ನು ಮೊದಲು ನೋಡಬೇಕು. ಅಂಗಡಿಯವರು ‘32 ಡೆನ್ಸಿಟಿ’ ಎಂದು ಮಾರುವ ಫೋಮನ್ನೇ ತೆಗೆದುಕೊಳ್ಳಿ. ಒಂದು ಘನ ಮೀಟರ್ ಫೋಮು 32 ಕಿಲೋ ತೂಗುತ್ತದೆ ಎಂಬುದು ಆ ಸಂಖ್ಯೆಯ ಅರ್ಥ. ರಂಧ್ರವೇ ಇಲ್ಲದ ಗಟ್ಟಿ ಪಾಲಿಯುರೆಥೇನ್ ಆಗಿದ್ದರೆ ಅಷ್ಟೇ ಜಾಗದಲ್ಲಿ ಸಾವಿರ ಕಿಲೋ ಮೀರಿ ತೂಗುತ್ತಿತ್ತು. ಲೆಕ್ಕ ಹಾಕಿದರೆ ಫೋಮಿನಲ್ಲಿ ನೂರಕ್ಕೆ ಸುಮಾರು 97 ಪಾಲು ಗಾಳಿ. ವಸ್ತು ಇರುವುದು ಮೂರೇ ಪಾಲು. ಹತ್ತಿಯ ಗಾದಿಯೂ ಬೂರುಗದ ದಿಂಬೂ ಹೀಗೆಯೇ. ಕೂತಾಗ ಗಾಳಿ ಹೊರಹೋಗಬೇಕು, ಎದ್ದಾಗ ಮತ್ತೆ ಒಳಬರಬೇಕು. ಹೋದ ಗಾಳಿ ಮರಳಿ ಬರದಿದ್ದರೆ ಅದನ್ನು ‘ಕುಶನ್ ಕೂತುಬಿಟ್ಟಿತು’ ಅನ್ನುತ್ತೇವೆ.

ಹಾಗಾಗಿ ಈ ಕಸುಬಿನ ಯಂತ್ರಗಳೆಲ್ಲ ಗಾಳಿಯ ಜೊತೆ ಕೆಲಸ ಮಾಡುವಂಥವು. ಒಂದು ಬಗೆಯದು ಎಳೆಗಳ ನಡುವೆ ಗಾಳಿ ಸೇರಿಸುತ್ತದೆ. ಇನ್ನೊಂದು ಬಗೆಯದು ಫೋಮಿನೊಳಗಿನ ಗಾಳಿಯನ್ನು ಕ್ಷಣಕಾಲ ಹೊರಗೆ ದೂಡಿ, ಗವಸಿನೊಳಗೆ ಸೇರಿದ ಮೇಲೆ ಮರಳಿ ತುಂಬಿಕೊಳ್ಳಲು ಬಿಡುತ್ತದೆ.

ಬಿಲ್ಲಿನಿಂದ ಮೋಟಾರಿಗೆ

ಮೊದಲ ಬಗೆಯ ಯಂತ್ರಕ್ಕೆ ನಮ್ಮಲ್ಲಿ ಹಳೆಯ ಪೂರ್ವಿಕನೊಬ್ಬನಿದ್ದಾನೆ, ಹಿಂಜುವ ಬಿಲ್ಲು. ಆಳೆತ್ತರದ ಮರದ ಕಮಾನು, ಪ್ರಾಣಿಯ ಕರುಳಿನಿಂದ ಹೊಸೆದ ಹೆದೆ, ಹೆದೆಗೆ ಬಡಿಯಲು ಎರಡೂ ತುದಿ ದಪ್ಪಗಿರುವ ಮರದ ಹಿಡಿ. ಹೆದೆಯನ್ನು ಹತ್ತಿಯ ರಾಶಿಗೆ ತಾಗಿಸಿ ಹಿಡಿಯಿಂದ ಹೊಡೆದರೆ ‘ಟಂಯ್’ ಎಂಬ ಸದ್ದು. ಆ ಕಂಪನಕ್ಕೆ ಗಂಟುಗಟ್ಟಿದ ಹತ್ತಿ ಎಳೆ ಎಳೆಯಾಗಿ ಚಿಮ್ಮಿ, ಕಸ ಕೆಳಗುದುರಿ, ಅರಳೆ ಮೇಲೇಳುತ್ತದೆ. ಅಕ್ಕಿ ಮಂಡಕ್ಕಿಯಾದಂತೆ, ತೂಕ ಅಷ್ಟೇ ಇದ್ದರೂ ಗಾತ್ರ ಹಲವು ಪಟ್ಟು.

ಪಿಂಜಾರರು ಅಥವಾ ನದಾಫರು ಎಂದು ಕರೆಯುವ ಮುಸ್ಲಿಂ ಸಮುದಾಯದ ಕುಲಕಸುಬು ಇದು. ಕಸುಬು ಬಿಟ್ಟು ತಲೆಮಾರು ಕಳೆದ ಮನೆಗಳಲ್ಲೂ ನದಾಫ್ ಎಂಬ ಅಡ್ಡಹೆಸರು ಉಳಿದಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇವರು ಪ್ರವರ್ಗ-1ರಲ್ಲಿದ್ದಾರೆ. ರಾಜಸ್ಥಾನದಲ್ಲಿ ನೆಲೆನಿಂತ ಸಂತ ದಾದು ದಯಾಳ್ (1544-1603) ಹತ್ತಿ ಹಿಂಜುವವರಾಗಿದ್ದರು ಎಂಬ ನಂಬಿಕೆ ಅವರ ಪಂಥದಲ್ಲಿದೆ. ಗಾಂಧೀಜಿಯವರ ಆತ್ಮಕಥೆಯಲ್ಲೂ ಒಬ್ಬ ಪಿಂಜಾರ ಬರುತ್ತಾನೆ. ಚರಕ ಸಿಕ್ಕಿತು, ಇನ್ನು ಹಂಜಿ ಮಾಡಲು ಹತ್ತಿ ಹಿಂಜುವವರು ಬೇಕು ಎಂದಾಗ ಗಂಗಾಬೆನ್ ಎಂಬ ಮಹಿಳೆ ಅಂಥವನೊಬ್ಬನನ್ನು ಹುಡುಕಿ ಕೊಟ್ಟರು. ಅವನು ತಿಂಗಳಿಗೆ 35 ರೂಪಾಯಿ ಕೇಳಿದ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೂ ಗಾಂಧೀಜಿ ಚೌಕಾಸಿಗೆ ಹೋಗಲಿಲ್ಲ. ಹಿಂಜದ ಹತ್ತಿಯಿಂದ ನೂಲೂ ಇಲ್ಲ, ಹಾಸಿಗೆಯೂ ಇಲ್ಲ.

ಬಿಲ್ಲು ಹೊತ್ತು ಮನೆಮನೆಗೆ ಬಂದು, ಅಂಗಳದಲ್ಲೇ ಹತ್ತಿ ಹಿಂಜಿ, ಗವಸಿಗೆ ತುಂಬಿ, ದಬ್ಬಣದಿಂದ ಅಲ್ಲಲ್ಲಿ ಟಾಕು ಹಾಕಿ ಗಾದಿ ಮಾಡಿಕೊಡುತ್ತಿದ್ದವರು ಈಗ ಅಪರೂಪ. ಅವರ ಜಾಗಕ್ಕೆ ಬಂದದ್ದು ಹತ್ತಿ ಹಿಂಜುವ ಯಂತ್ರ. ರಚನೆ ಸರಳ. ಕಬ್ಬಿಣದ ಹಲ್ಲುಗಳಿರುವ ಉರುಳೆ, ಅದನ್ನು ಜೋರಾಗಿ ತಿರುಗಿಸುವ ಮೋಟಾರು, ಹತ್ತಿ ಹಾಕಲು ಒಂದು ಬಾಯಿ, ಹೊರಬೀಳಲು ಇನ್ನೊಂದು. ಉರುಳೆಯ ಹಲ್ಲಿನಿಂದ ಎಳೆ ಬಿಡಿಸುವ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಲೂಯಿಸ್ ಪಾಲ್ ಮತ್ತು ಡೇನಿಯಲ್ ಬೋರ್ನ್ ಇಬ್ಬರೂ 1748ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ನೂಲಿನ ಗಿರಣಿಗಾಗಿ ಹುಟ್ಟಿದ್ದು. ಅದೇ ತತ್ವ ನಮ್ಮ ಗಾದಿ ಅಂಗಡಿಯ ಶೆಡ್ಡಿಗೂ ಇಳಿದುಬಂತು.

ಹಳೆಯ ಗಾದಿಗೆ ಈ ಯಂತ್ರ ಮರುಜನ್ಮ ಕೊಡುತ್ತದೆ. ವರ್ಷಗಟ್ಟಲೆ ಮಲಗಿ ಹಲಗೆಯಂತಾದ ಹತ್ತಿಯನ್ನು ಗವಸಿನಿಂದ ಕಿತ್ತು, ಬಿಸಿಲಿಗೆ ಹಾಕಿ, ಯಂತ್ರಕ್ಕೆ ಕೊಟ್ಟರೆ ಮತ್ತೆ ಅರಳುತ್ತದೆ. ಇದು ಬೇಸಿಗೆಯ ಕೆಲಸ. ಮಳೆಗಾಲದಲ್ಲಿ ಹತ್ತಿ ತೇವ ಹೀರಿ ಗಂಟುಗಟ್ಟುವುದರಿಂದ ಎಳೆ ಬಿಡುವುದಿಲ್ಲ.

ಊದುವ ಯಂತ್ರ

ಸೋಫಾದ ಒರಗುದಿಂಬು, ಅಲಂಕಾರದ ಚೌಕದಿಂಬು, ಮಕ್ಕಳ ಗೊಂಬೆ, ಇವುಗಳಲ್ಲಿ ಇಂದು ಹತ್ತಿ ಇಲ್ಲವೆಂದೇ ಹೇಳಬೇಕು. ಇರುವುದು ಪಾಲಿಯೆಸ್ಟರ್ ನಾರು. ರಿಲಯನ್ಸ್ ಕಂಪನಿಯ ‘ರೆಕ್ರಾನ್’ ಎಷ್ಟು ಚಾಲ್ತಿಗೆ ಬಂತೆಂದರೆ ಯಾವ ಕಂಪನಿಯ ನಾರಾದರೂ ಅಂಗಡಿಗಳಲ್ಲಿ ಅದು ರೆಕ್ರಾನೇ. ಪಾಲಿಯೆಸ್ಟರ್ ನಾರನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದರು. ಈಗ ದಿಂಬಿಗೆ ಬಳಸುವ ನಾರಿನಲ್ಲಿ ದೊಡ್ಡ ಪಾಲು, ನಾವು ಕುಡಿದು ಎಸೆದ ನೀರಿನ ಬಾಟಲಿಗಳನ್ನು ಕರಗಿಸಿ ಎಳೆದದ್ದು.

ಈ ನಾರಿನ ಎಳೆಯಲ್ಲಿ ಮೂರು ಜಾಣ್ಮೆಗಳಿವೆ. ಒಂದು, ಎಳೆ ಒಳಗೆ ಟೊಳ್ಳು. ತೂಕ ಕಡಿಮೆ, ಗಾಳಿ ಹೆಚ್ಚು. ಎರಡು, ಎಳೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಹೆಚ್ಚು ಕುಗ್ಗುವಂತೆ ಮಾಡಿರುತ್ತಾರೆ. ಹಾಗಾಗಿ ಅದು ಸ್ಪ್ರಿಂಗಿನ ಸುರುಳಿಯಾಗಿ ತಾನೇ ಮುರುಟಿಕೊಳ್ಳುತ್ತದೆ. ಮೂರು, ಮೇಲೊಂದು ಸಿಲಿಕೋನ್ ಲೇಪ. ಎಳೆಗಳು ಒಂದಕ್ಕೊಂದು ಅಂಟದೆ ಜಾರುತ್ತವೆ. ದಿಂಬಿಗೆ ಹೆಚ್ಚಾಗಿ ಬಳಸುವುದು 7 ಅಥವಾ 15 ಡೆನಿಯರ್‌ನ, 64 ಮಿಲಿಮೀಟರ್ ಉದ್ದದ ಎಳೆ. 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್.

ಕಾರ್ಖಾನೆಯಿಂದ ಈ ನಾರು ಬರುವುದು ಬಿಗಿದು ಕಟ್ಟಿದ ಬೇಲಿನಲ್ಲಿ. ಹಾಗೇ ಕಿತ್ತು ದಿಂಬಿಗೆ ತುರುಕಿದರೆ ಗಂಟುಗಳೇ ಕೈಗೆ ಸಿಗುತ್ತವೆ. ಅದಕ್ಕೇ ನಾರು ಊದುವ ಯಂತ್ರ. ಇದರಲ್ಲೂ ಹಲ್ಲಿನ ಉರುಳೆ ಇದೆ. ಅದು ಎಳೆ ಬಿಡಿಸಿದ ನಂತರ ಫ್ಯಾನೊಂದು ಅರಳಿದ ನಾರನ್ನು ಕೊಳವೆಯೊಳಗೆ ಊದುತ್ತದೆ. ಕೊಳವೆಯ ತುದಿಗೆ ಮೂತಿ, ಕಾಲಡಿ ಪೆಡಲು.

ಕೆಲಸಗಾರ ಖಾಲಿ ಗವಸಿನ ಬಾಯನ್ನು ಮೂತಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಪೆಡಲು ಒತ್ತುತ್ತಾನೆ. ‘ಬುಸ್’ ಎಂದು ನಾರು ನುಗ್ಗುತ್ತದೆ, ಗವಸು ಉಬ್ಬುತ್ತದೆ. ನೋಡುವವರಿಗೆ ಇಷ್ಟೇ. ಆದರೆ ಅವನ ಕೈ ಸುಮ್ಮನಿರುವುದಿಲ್ಲ. ಮೊದಲು ಗವಸಿನ ಒಂದು ಕೆಳಮೂಲೆಯನ್ನು ಮೂತಿಯ ನೇರಕ್ಕೆ ತರುತ್ತಾನೆ, ಆಮೇಲೆ ಇನ್ನೊಂದು ಮೂಲೆ, ಕೊನೆಗೆ ನಡುಭಾಗ. ನಡು ಮೊದಲೇ ತುಂಬಿಬಿಟ್ಟರೆ ಮೂಲೆಗಳಿಗೆ ನಾರು ಹೋಗುವ ದಾರಿ ಮುಚ್ಚುತ್ತದೆ. ಅಂಥ ದಿಂಬು ಹೊಟ್ಟೆ ಉಬ್ಬಿ ಕಿವಿ ಜೋಲುತ್ತದೆ. ಮೂತಿಯಿಂದ ಬಿಡಿಸಿದ ಗವಸು ಪಕ್ಕದ ತಕ್ಕಡಿಗೆ ಹೋಗುತ್ತದೆ. ಹೆಚ್ಚಾದರೆ ಒಂದು ಹಿಡಿ ತೆಗೆಯುತ್ತಾನೆ, ಕಡಿಮೆಯಾದರೆ ಪೆಡಲು ಇನ್ನೊಮ್ಮೆ ಒತ್ತುತ್ತಾನೆ. ಕಡೆಗೆ ಎರಡು ಅಂಗೈ ನಡುವೆ ಇಟ್ಟು ತಟ್ಟಿ, ಎಲ್ಲಾದರೂ ಗಂಟು ಸಿಕ್ಕಿತೇ ಎಂದು ಬೆರಳಾಡಿಸಿ, ಬಾಯಿ ಹೊಲಿಯುವವರ ರಾಶಿಗೆ ಎಸೆಯುತ್ತಾನೆ. ಎಳೆ ಬಿಡಿಸುವುದು ಯಂತ್ರ. ದಿಂಬಿಗೆ ಆಕಾರ ಬರುವುದು ಆ ಕೈಯಿಂದ.

ಅಮುಕುವ ಯಂತ್ರ

ಸೋಫಾದ ಕೂರುವ ಭಾಗದ ಕುಶನ್ನಿನ ಕಷ್ಟವೇ ಬೇರೆ. ಅದರೊಳಗೆ ಹೋಗಬೇಕಾದದ್ದು ಇಡೀ ಫೋಮಿನ ತುಂಡು. ಜರ್ಮನಿಯಲ್ಲಿ ಓಟೊ ಬೇಯರ್ ತಂಡ 1937ರಲ್ಲಿ ಪಾಲಿಯುರೆಥೇನ್ ರಸಾಯನವನ್ನು ಕಂಡುಹಿಡಿದ ಮೇಲೆ, ಕುದುರೆ ಕೂದಲು, ತೆಂಗಿನ ನಾರು, ಹತ್ತಿ ಎಲ್ಲವನ್ನೂ ಫೋಮು ಹಿಂದೆ ಸರಿಸಿತು. ತೆಂಗಿನ ನಾರು ಪೂರ್ತಿ ಸೋಲಲಿಲ್ಲ. ರಬ್ಬರ್ ಹಾಲು ಸಿಂಪಡಿಸಿ ಗಟ್ಟಿ ಮಾಡಿದ ನಾರಿನ ಹಾಸಿಗೆಯಿಂದಲೇ ಮನೆಮಾತಾದ ಕರ್ಲಾನ್, 1962ರಲ್ಲಿ ಮಣಿಪಾಲದ ಪೈ ಬಳಗದಿಂದ ಹುಟ್ಟಿದ ಕಂಪನಿ. 2023ರಲ್ಲಿ ಶೀಲಾ ಫೋಮ್ ಅದನ್ನು ಕೊಂಡಿತು.

ಫೋಮು ಕತ್ತರಿಸುವವರು ಅದನ್ನು ಗವಸಿನ ಅಳತೆಗಿಂತ ಅರ್ಧ ಇಂಚಿನಿಂದ ಒಂದು ಇಂಚಿನಷ್ಟು ದೊಡ್ಡದಾಗಿಯೇ ಕತ್ತರಿಸುತ್ತಾರೆ. ಹಾಗಿದ್ದರೆ ಮಾತ್ರ ಬಟ್ಟೆ ಬಿಗಿಯಾಗಿ, ಅಂಚಿನ ಪೈಪಿಂಗ್ ನೆಟ್ಟಗೆ ನಿಲ್ಲುತ್ತದೆ. ದೊಡ್ಡದನ್ನು ಚಿಕ್ಕದರೊಳಗೆ, ಅದೂ ಹಿಂಬದಿಯ ಜಿಪ್ಪಿನ ಕಿರಿದಾದ ಸೀಳಿನಿಂದ ಸೇರಿಸುವುದು ಹೇಗೆ?

ನಮ್ಮ ಅಂಗಡಿಗಳಲ್ಲಿ ಇದಕ್ಕೆ ಬಡವರ ಉಪಾಯವೊಂದಿದೆ. ಫೋಮಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಮಧ್ಯಕ್ಕೆ ಮಡಚಿ, ಮೊಣಕಾಲಿನಿಂದ ಅಮುಕಿ ಒಳಗೆ ನೂಕುವುದು. ಪ್ಲಾಸ್ಟಿಕ್ ಇರುವುದರಿಂದ ಬಟ್ಟೆಗೆ ಕಚ್ಚದೆ ಜಾರುತ್ತದೆ. ಒಳಗೆ ಮಡಿಕೆ ಬಿಚ್ಚಿಕೊಂಡ ಮೇಲೆ ಹಾಳೆಯನ್ನು ಎಳೆದು ತೆಗೆಯುತ್ತಾರೆ. ಇನ್ನು ಕೆಲವರು ಪ್ಲಾಸ್ಟಿಕ್ ಚೀಲದ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಇಟ್ಟು ಗಾಳಿ ಹೀರಿಸುತ್ತಾರೆ. ದಪ್ಪ ಫೋಮು ನೋಡನೋಡುತ್ತಿದ್ದಂತೆ ಚಪ್ಪಟೆಯಾಗುತ್ತದೆ; ಗವಸಿನೊಳಗಿಟ್ಟು ಚೀಲ ಬಿಡಿಸಿದರೆ ಸಾಕು, ಗಾಳಿ ಕುಡಿದು ತಾನೇ ಎದ್ದು ಕೂರುತ್ತದೆ.

ದಿನಕ್ಕೆ ನೂರಾರು ಕುಶನ್ ಮಾಡುವ ಸೋಫಾ ಕಾರ್ಖಾನೆಗೆ ಮೊಣಕಾಲು ಸಾಲದು. ಅಲ್ಲಿರುವುದು ಕುಶನ್ ತುಂಬುವ ಯಂತ್ರ, ನುಣುಪು ತಗಡಿನ ಪೆಟ್ಟಿಗೆ. ಅದರ ಮೇಲಿನ ಮತ್ತು ಪಕ್ಕದ ಗೋಡೆಗಳು ಸರಿದಾಡುತ್ತವೆ. ಫೋಮನ್ನು ಒಳಗಿಟ್ಟು ಸನ್ನೆ ಒತ್ತಿದರೆ, ಅಥವಾ ಗಾಳಿ ಒತ್ತಡದ ಯಂತ್ರವಾದರೆ ಗುಂಡಿ ಅದುಮಿದರೆ, ಗೋಡೆಗಳು ಒಳಸರಿದು ಫೋಮನ್ನು ಹಿಂಡುತ್ತವೆ. ಪೆಟ್ಟಿಗೆಯ ಬಾಯಿಗೆ ಗವಸನ್ನು ಏರಿಸುತ್ತಾರೆ. ಹಿಂದಿನಿಂದ ತಳ್ಳುಹಲಗೆ ಮುಂದೆ ಬರುತ್ತದೆ. ಫೋಮು ಗವಸಿನೊಳಗೆ ಜಾರುತ್ತಾ ಗವಸನ್ನೂ ತನ್ನ ಜೊತೆ ಹೊರಗೆ ಎಳೆದುಕೊಂಡು ಬರುತ್ತದೆ. ಕೈಯಿಂದ ಏದುಸಿರು ಬಿಟ್ಟು ಮಾಡುವ ಕೆಲಸ ಇಲ್ಲಿ ಅರೆನಿಮಿಷದ ಮಾತು. ಜಿಪ್ಪಿನ ಹಲ್ಲು ಕೀಳುವುದಿಲ್ಲ, ಮೂಲೆಯ ಹೊಲಿಗೆ ಬಿಡುವುದಿಲ್ಲ.

2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೇಕ್‌ಫಿಟ್‌ನಂಥ ಕಂಪನಿಗಳು ಹಾಸಿಗೆಯನ್ನು ಹಿಂಡಿ, ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸುವುದರ ಹಿಂದೆಯೂ ಇದೇ ತಂತ್ರ. ಫೋಮಿನ ನೂರಕ್ಕೆ 97 ಪಾಲು ಗಾಳಿಯಾದ್ದರಿಂದಲೇ ಇದು ಸಾಧ್ಯ.

ಧೂಳು, ಕಿಡಿ

ಈ ಕಸುಬಿಗೆ ಕತ್ತಲ ಮುಖವೂ ಇದೆ. ಹತ್ತಿ ಹಿಂಜುವ ಶೆಡ್ಡಿನಲ್ಲಿ ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಬೆಳ್ಳಗಾಗಿರುತ್ತವೆ. ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಬಿಸಿನೋಸಿಸ್ ಎಂಬ ಕಾಯಿಲೆ. ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಬಂದ ದಿನ ಎದೆ ಬಿಗಿಯುವುದು ಇದರ ಮೊದಲ ಲಕ್ಷಣ. ಅಲಕ್ಷ್ಯ ಮಾಡಿದರೆ ಉಸಿರಾಟದ ತೊಂದರೆ ಶಾಶ್ವತವಾಗಬಹುದು. ಬಾಯಿಗೆ ಸುತ್ತಿದ ಟವೆಲ್ಲು ಇದನ್ನು ತಡೆಯಲಾರದು. ಒಳ್ಳೆಯ ಮಾಸ್ಕು, ಧೂಳು ಹೊರಗೆಳೆಯುವ ಫ್ಯಾನು ಬೇಕೇ ಬೇಕು.

ಇನ್ನೊಂದು ಅಪಾಯ ಬೆಂಕಿ. ಹಳೆಯ ಗಾದಿಯೊಳಗೆ ಪಿನ್ನು, ನಾಣ್ಯ, ಮುರಿದ ಸೂಜಿ ಏನಾದರೂ ಅಡಗಿರುತ್ತದೆ. ತಿರುಗುವ ಕಬ್ಬಿಣದ ಹಲ್ಲಿಗೆ ಅದು ಬಡಿದು ಒಂದು ಕಿಡಿ ಹಾರಿದರೆ ಒಣ ಹತ್ತಿ ಹೊತ್ತಿಕೊಳ್ಳಲು ಕ್ಷಣ ಸಾಕು. ಸಿಕ್ಕಿಕೊಂಡ ಹತ್ತಿಯನ್ನು ಯಂತ್ರ ನಿಲ್ಲಿಸದೆ ಬಿಡಿಸಲು ಹೋದರೆ ಬೆರಳಿಗೇ ಸಂಚಕಾರ. ಅನುಭವಸ್ಥರು ಹತ್ತಿಯನ್ನು ಕೈಯಲ್ಲಿ ಸೀಳಿ, ತಡಕಿ ನೋಡಿಯೇ ಬಾಯಿಗೆ ಹಾಕುತ್ತಾರೆ.

ಗಿರಾಕಿಗೆ ನಾಲ್ಕು ಮಾತು

ಸೋಫಾ ಮಾಡಿಸುವಾಗ ಬಟ್ಟೆಯ ಜೊತೆಗೆ ಹೊಟ್ಟೆಯನ್ನೂ ವಿಚಾರಿಸಿ. ಫೋಮಿನ ಡೆನ್ಸಿಟಿ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಡೆನ್ಸಿಟಿ ಬೇರೆ, ಗಡಸುತನ ಬೇರೆ. ಒತ್ತಿದಾಗ ಗಟ್ಟಿಯಾಗಿದೆ ಎಂಬ ಮಾತ್ರಕ್ಕೆ ಅದು ಬಾಳಿಕೆಯ ಫೋಮು ಎಂದುಕೊಳ್ಳಬೇಡಿ. ನಾರಿನ ದಿಂಬಾದರೆ ಗಾತ್ರಕ್ಕಿಂತ ತೂಕ ಕೇಳಿ. ಜಿಪ್ಪಿರುವ ಕುಶನ್ನನ್ನೇ ಆರಿಸಿ, ತೆರೆದು ಒಳಗೆ ಕಣ್ಣಾಡಿಸಿ. ಬಟ್ಟೆಯ ಚೂರು, ಫೋಮಿನ ಪುಡಿ ಕಂಡರೆ ವಾಪಸ್ ಕೊಡಿ.

ಮುಖ್ಯವಾಗಿ, ಕುಶನ್ ಕೂತುಬಿಟ್ಟಿತೆಂದು ಸೋಫಾವನ್ನೇ ಬಿಸಾಡಬೇಡಿ, ಗಾದಿ ಗಟ್ಟಿಯಾಯಿತೆಂದು ಗುಜರಿಗೆ ಹಾಕಬೇಡಿ. ಮರ ಸರಿಯಿದ್ದರೆ ಫೋಮು ಬದಲಿಸಿದರೆ ಸಾಕು. ಹತ್ತಿ ಒಳ್ಳೆಯದಿದ್ದರೆ ಇನ್ನೊಮ್ಮೆ ಹಿಂಜಿಸಿದರೆ ಸಾಕು. ನಿಮ್ಮೂರಿನ ಕುಶನ್ ವರ್ಕ್ಸಿನಲ್ಲಿ, ಗಾದಿ ಅಂಗಡಿಯಲ್ಲಿ ಈ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಹೊಸದು ಕೊಳ್ಳುವ ಮುನ್ನ ಒಮ್ಮೆ ಅವರನ್ನು ಕೇಳಿ ನೋಡಿ.