ಕಾಣದ ಫಲಕಕ್ಕೆ ಕಟ್ಟುವ ದಂಡ

ಮುಂಬಯಿ, ಪುಣೆಗಳಲ್ಲಿ ಗಣೇಶೋತ್ಸವ ಬಂತೆಂದರೆ ಬೀದಿಗಳ ದಿಕ್ಕೇ ಬದಲಾಗುತ್ತದೆ. ನಿನ್ನೆ ಎರಡು ಕಡೆಗೂ ತೆರೆದಿದ್ದ ರಸ್ತೆ ಇಂದು ಏಕಮುಖ. ಕಂಬಕ್ಕೆ ಕಟ್ಟಿದ ತಗಡಿನ ಫಲಕವೊಂದೇ ಅದಕ್ಕೆ ಸಾಕ್ಷಿ. ಅದು ಗಾಳಿಗೆ ತಿರುಗಿ ಗೋಡೆಯನ್ನು ನೋಡುತ್ತ ನಿಂತಿರಬಹುದು, ಮಂಟಪದ ಬಟ್ಟೆಯ ಹಿಂದೆ ಮರೆಯಾಗಿರಬಹುದು. ದಂಡದ ಸಂದೇಶ ಮಾತ್ರ ಮೊಬೈಲಿಗೆ ಸರಿಯಾಗಿ ಬಂದು ಮುಟ್ಟುತ್ತದೆ!

ಆಗ ನಮ್ಮವರು ಮಾಡುವುದೇನು? “ಪರವೂರು, ಪರಭಾಷೆ, ಕೋರ್ಟಿನ ಗೋಜು ನಮಗೇಕೆ?” ಎಂದು ಹಣ ಕಟ್ಟಿಬಿಡುತ್ತಾರೆ. ಕಟ್ಟಿದ ಮೇಲೆ ಪ್ರಕರಣ ಮುಗಿದಂತೆಯೇ. ಆಮೇಲೆ ತಕರಾರು ಎತ್ತುವುದು ಕಷ್ಟ. ಸಂಬಳದಾರರು ಇದನ್ನು ನುಂಗಿಕೊಂಡಾರು. ಟೆಂಪೊ, ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವವರಿಗೆ ಇದು ಆ ದಿನದ ಅನ್ನದ ಮಾತು.

ಮೊದಲು ಚಲನ್‌ನಲ್ಲಿ ಯಾವ ಕಲಮು ನಮೂದಾಗಿದೆಯೆಂದು ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 177ನೆಯ ಕಲಮಾದರೆ, 2019ರ ತಿದ್ದುಪಡಿಯಂತೆ ಮೊದಲ ಸಲ 500 ರೂಪಾಯಿಯವರೆಗೆ, ಮುಂದಿನ ಸಲ 1500ರವರೆಗೆ ದಂಡ. ಎದುರು ದಿಕ್ಕಿನಲ್ಲಿ ಓಡಿಸಿದರೆಂದು 184ನೆಯ ಕಲಮು ಹಾಕಿದ್ದರೆ ಮೊದಲ ಸಲ ಕಡಿಮೆಯೆಂದರೂ 1000, ಹೆಚ್ಚೆಂದರೆ 5000. ಸೆರೆವಾಸ ವಿಧಿಸುವ ಅವಕಾಶವೂ ಉಂಟು. ಇದನ್ನು ಹಗುರವಾಗಿ ಕಾಣಬಾರದು.

ಇನ್ನು ನಮ್ಮ ಪಕ್ಷದ ಮಾತು. ಫಲಕವನ್ನು ಪಾಲಿಸುವುದು ಚಾಲಕನ ಕರ್ತವ್ಯವೆಂದು 119ನೆಯ ಕಲಮು ಹೇಳುವುದು ನಿಜ. ಆದರೆ ಸಂಚಾರವನ್ನು ನಿರ್ಬಂಧಿಸುವವರು ತಕ್ಕ ಸ್ಥಳದಲ್ಲಿ ತಕ್ಕ ಫಲಕ ನಿಲ್ಲಿಸತಕ್ಕದ್ದೆಂದು 115ನೆಯ ಕಲಮು ಅವರಿಗೂ ಕರ್ತವ್ಯ ವಿಧಿಸಿದೆ. ಒಂದು ತಿಂಗಳಿಗೆ ಮೀರದ ನಿರ್ಬಂಧವಾದರೆ ಗೆಜೆಟ್ ಪ್ರಕಟಣೆ ಬೇಕಿಲ್ಲ. ಸ್ಥಳೀಯವಾಗಿ ಸಾಧ್ಯವಾದಷ್ಟು ಪ್ರಚಾರ ಕೊಟ್ಟಿರಬೇಕು. ಫಲಕದ ಅಳತೆ, ಬಣ್ಣ, ಮಾದರಿಗಳೂ ಕಾಯಿದೆಯ ಮೊದಲನೆಯ ಅನುಸೂಚಿಯಂತೆ ಇರಬೇಕು. ಕಾನೂನು ತಿಳಿಯದೆಂಬುದು ನೆಪವಾಗದು. ಫಲಕ ಕಾಣುವಂತಿರಲಿಲ್ಲ ಎಂಬುದು ಬೇರೆಯೇ ಮಾತು. ಆದರೆ ಪೊಲೀಸಿನವರು ಅಲ್ಲೇ ನಿಂತು ಕೈಸನ್ನೆ ಮಾಡಿದ್ದರೆ ಈ ವಾದ ನಿಲ್ಲದು, ಅವರ ಸೂಚನೆಯನ್ನೂ ಪಾಲಿಸಲೇಬೇಕು.

ಎಲ್ಲ ತೊಡಕೂ ಇರುವುದು ರುಜುವಾತಿನಲ್ಲಿ. ತಾತ್ಕಾಲಿಕ ಫಲಕ ಹಬ್ಬ ಮುಗಿದೊಡನೆ ಮಾಯವಾಗುತ್ತದೆ, ಅದರೊಡನೆ ನಿಮ್ಮ ಸಾಕ್ಷ್ಯವೂ. ಆದ್ದರಿಂದ ಸಾಧ್ಯವಾದರೆ ಅದೇ ದಿನ, ಅದೇ ಹೊತ್ತಿಗೆ ಮರಳಿ ಹೋಗಿ ಚಿತ್ರ ತೆಗೆಯಿರಿ. ಫಲಕದ ಚಿತ್ರವೊಂದೇ ಸಾಲದು. ವಾಹನ ಬರುವ ದಿಕ್ಕಿನಿಂದ, ಚಾಲಕನ ಕಣ್ಣಿನ ಎತ್ತರದಿಂದ, ತಿರುವಿಗೆ ಐವತ್ತು ಹೆಜ್ಜೆ ಹಿಂದಿನಿಂದಲೂ ತೆಗೆಯಬೇಕು. ಕಾಣಲಿಲ್ಲವೆಂಬುದನ್ನು ತೋರಿಸಬೇಕಾದದ್ದು ಅಲ್ಲಿಂದಲೇ ತಾನೆ? ರಾತ್ರಿ ನಡೆದದ್ದಾದರೆ ರಾತ್ರಿಯೇ ತೆಗೆಯಿರಿ. ಬೀದಿದೀಪ ಉರಿಯುತ್ತಿತ್ತೇ ಇಲ್ಲವೇ ಎಂಬುದೂ ಮುಖ್ಯ. ಮೂಲ ಚಿತ್ರವನ್ನು ಮೊಬೈಲಿನಿಂದ ಅಳಿಸಬೇಡಿ. ಪ್ರತಿಯನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಜೊತೆಗಿರಬೇಕು. ಎದುರಿನ ಅಂಗಡಿಯವರು ಎರಡು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಬಳಿಕ ಚಲನ್‌ನಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಮರಾಠಿ ಶಾಲೆಯಲ್ಲಿ ಕಲಿತ ಮಕ್ಕಳು ಮನೆಯಲ್ಲಿದ್ದರೆ ಅವರಿಂದಲೇ ಬರೆಸಬಹುದು. ಜೊತೆಗೇ ಮಾಹಿತಿ ಹಕ್ಕು ಕಾಯಿದೆಯಂತೆ ಇಷ್ಟನ್ನು ಕೇಳಿ: ನಿರ್ಬಂಧದ ಆದೇಶದ ಪ್ರತಿ, ಅದು ಜಾರಿಯಲ್ಲಿದ್ದ ದಿನಗಳು, ಫಲಕ ನಿಲ್ಲಿಸಿದ ಜಾಗಗಳು. ಉತ್ತರಕ್ಕೆ 30 ದಿನಗಳ ಗಡುವಿದೆ. ಅದಕ್ಕಾಗಿ ಕಾದು ಆಕ್ಷೇಪಣೆಯ ಅವಧಿ ಕಳೆದುಕೊಳ್ಳಬಾರದು; ಉತ್ತರ ಬಂದಾಗ ಸೇರಿಸಿದರಾಯಿತು.

ಲೋಕ ಅದಾಲತ್ತಿನಲ್ಲಿ ದಂಡ ಇಳಿಯುತ್ತದೆಂದು ಹಲವರು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ನಡೆಯುವುದು ರಾಜಿ, ಅದರ ಮೇಲೆ ಅಪೀಲು ಇಲ್ಲ. ತಪ್ಪೇ ನಡೆದಿಲ್ಲವೆನ್ನುವವರಿಗೆ ಮ್ಯಾಜಿಸ್ಟ್ರೇಟರ ಕೋರ್ಟೇ ಸರಿಯಾದ ಜಾಗವೆಂದು ನಮ್ಮ ಅಭಿಪ್ರಾಯ. ಒಂದೆರಡು ದಿನದ ರಜೆ ಖರ್ಚಾದೀತು. ಹೋಗುವಾಗ ಚಿತ್ರ ತೆಗೆದ ಆ ಮೊಬೈಲನ್ನೂ ಒಯ್ಯಿರಿ.