ಕೋಳಿಯ ರೆಕ್ಕೆ ಎತ್ತಿ ನೋಡಿ

ಕಾವಿಗೆ ಕೂತ ಕೋಳಿ ನಡುವೆಯೇ ಎದ್ದು ಹೋಗುತ್ತದೆ. ಇದನ್ನು ನೀವೂ ನೋಡಿರಬಹುದು. ಬುಟ್ಟಿಯಲ್ಲಿ 12 ಮೊಟ್ಟೆ ಇಟ್ಟಿರುತ್ತೀರಿ. 21 ದಿನ ಕಾಯಬೇಕು. 14ನೆಯ ದಿನಕ್ಕೆ ಕೋಳಿ ಬುಟ್ಟಿ ಬಿಟ್ಟು ಅಂಗಳದಲ್ಲಿ ನಿಂತಿರುತ್ತದೆ. ಮೊಟ್ಟೆ ತಣ್ಣಗಾಗಿರುತ್ತವೆ. ಒಳಗಿನ ಮರಿಗಳು ಸತ್ತಿರುತ್ತವೆ.

ಆಗ ಮನೆಯಲ್ಲಿ ಮಾತು ಶುರುವಾಗುತ್ತದೆ. "ಯಾರದೋ ಕಣ್ಣು ಬಿತ್ತು" ಅಂತ ಅತ್ತೆ ಹೇಳುತ್ತಾರೆ. "ಕೋಳಿಗೆ ಶಕ್ತಿ ಇಲ್ಲ, ಟಾನಿಕ್ ಹಾಕ್ರಿ" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಬುಟ್ಟಿಯ ಹುಲ್ಲನ್ನು ಮಾತ್ರ ಯಾರೂ ನೋಡುವುದಿಲ್ಲ. ಆ ಹುಲ್ಲಿನ ಮೇಲೆ ಅಂಗೈ ಇಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಕೈ ಮೇಲೆ ಏನೋ ಹರಿದಾಡುತ್ತದೆ. ಕೋಳಿಯನ್ನು ಎಬ್ಬಿಸಿದ್ದು ಅದೇ.

ಹುಬ್ಬಳ್ಳಿಯಿಂದ ಮುಂಡಗೋಡದ ಕಡೆ ಹೋಗುವ ದಾರಿಯಲ್ಲಿ ತಡಸ ಸಿಗುತ್ತದೆ. ಇದು ಶಿಗ್ಗಾವಿ ತಾಲೂಕಿನ ಊರು. 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. ಅದಕ್ಕೂ ಮೊದಲು ಈ ಊರು ಧಾರವಾಡ ಜಿಲ್ಲೆಯಲ್ಲಿತ್ತು. ಈ ಕಡೆ ಹೊಲದಲ್ಲಿ ಭತ್ತ, ಗೋವಿನಜೋಳ, ಹತ್ತಿ. ಹಿತ್ತಲಲ್ಲಿ ಐದೋ ಹತ್ತೋ ಕೋಳಿ. ಹೊಲದ ದುಡ್ಡು ಗಂಡಸರ ಕೈಗೆ ಬರುತ್ತದೆ. ಕೋಳಿಯ ದುಡ್ಡು ಹೆಣ್ಣುಮಕ್ಕಳದು. ಮಗಳ ಪಾಟಿಚೀಲ, ಕೂಸಿನ ಔಷಧ, ಸಂತೆಯ ಬಳೆ, ಎಲ್ಲ ಅದರಲ್ಲೇ ಬರಬೇಕು. ಹನ್ನೆರಡು ಮರಿ ಹೋದರೆ ಹೋದದ್ದು ಆ ದುಡ್ಡು.

ಅದಕ್ಕೇ ನಾವು ಹೇಳುತ್ತೇವೆ. ಟಾನಿಕ್ ಬಾಟಲಿ ತರುವ ಮೊದಲು ಕೋಳಿಯ ರೆಕ್ಕೆ ಎತ್ತಿ ನೋಡಿ. ರಕ್ತ ಹೀರುವ ಹುಳ ಮೈಮೇಲೆ ಇದ್ದರೆ ಯಾವ ಟಾನಿಕ್ಕೂ ನಿಲ್ಲುವುದಿಲ್ಲ. ತೂತು ಬಿದ್ದ ಕೊಡಕ್ಕೆ ನೀರು ಸುರಿದ ಹಾಗೆ.

ಹಗಲು ಒಂದು ಸಲ, ರಾತ್ರಿ ಒಂದು ಸಲ

ಕೋಳಿಯ ಮೈಗೆ ಬರುವ ಹುಳ ಒಂದೇ ಜಾತಿಯದಲ್ಲ. ಕೆಲವು ಮೈಮೇಲೇ ಇರುತ್ತವೆ. ಕೆಲವು ಗೋಡೆಯಲ್ಲಿ ಇರುತ್ತವೆ. ಎಲ್ಲಿರುತ್ತವೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಕೋಳಿಹೇನು ಹುಟ್ಟಿ ಸಾಯುವುದೆಲ್ಲ ಕೋಳಿಯ ಮೈಮೇಲೆ. ಇದನ್ನು ಹಗಲಲ್ಲೇ ಹುಡುಕಬೇಕು. ಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಿ. ಬಾಲದ ಕೆಳಗೆ, ಮಲ ಹಾಕುವ ಜಾಗದ ಸುತ್ತ ಪುಕ್ಕ ಸರಿಸಿ. ಹುಲ್ಲಿನ ಬಣ್ಣದ ಹೇನು ಓಡಿ ಅಡಗುತ್ತವೆ. ಪುಕ್ಕದ ಬುಡದಲ್ಲಿ ಬಿಳಿಯ ಸೀರು ಗೊಂಚಲಾಗಿ ಅಂಟಿರುತ್ತವೆ. ಹೇನು ಚರ್ಮದ ಹೊಟ್ಟನ್ನು, ಪುಕ್ಕವನ್ನು ಕಡಿದು ತಿನ್ನುತ್ತದೆ. ಎಳೆಯ ಪುಕ್ಕದ ಬುಡ ಕಡಿದು ರಕ್ತವನ್ನೂ ಕುಡಿಯುತ್ತದೆ. ಕೋಳಿಗೆ ನಿದ್ದೆ ಇಲ್ಲ, ಮೇವು ಸೇರುವುದಿಲ್ಲ. ಮೊಟ್ಟೆ ಕಡಿಮೆ ಆಗುತ್ತದೆ.

"ಇದು ನಮ್ಮ ಮಕ್ಕಳ ತಲಿಗೆ ಹತ್ತತೈತೇನ್ರಿ?" ಎಂದು ತಾಯಂದಿರು ಕೇಳುತ್ತಾರೆ. ಇಲ್ಲ. ಕೋಳಿಹೇನು ಮನುಷ್ಯರ ಮೇಲೆ ಬದುಕುವುದಿಲ್ಲ. ಆದರೆ ಕೋಳಿಯ ನುಸಿ ಮನುಷ್ಯರನ್ನೂ ಕಚ್ಚುತ್ತದೆ. ಮೈ ಕಡಿತ ಬರುತ್ತದೆ.

ಈ ನುಸಿ ಮತ್ತು ಕೋಳಿಯ ಉಣ್ಣಿ ಕಳ್ಳರಿದ್ದ ಹಾಗೆ. ಹಗಲು ಅಡಗಿರುತ್ತವೆ. ರಾತ್ರಿ ಹೊರಗೆ ಬರುತ್ತವೆ. ಗೋಡೆಯ ಬಿರುಕು, ಬುಟ್ಟಿಯ ಹೆಣಿಗೆ, ಕೋಳಿ ಕೂರುವ ಕೋಲಿನ ತುದಿ, ಇವೇ ಅವುಗಳ ಮನೆ. ಹಗಲಲ್ಲಿ ಕೋಳಿಯ ಮೈ ಎಷ್ಟು ನೋಡಿದರೂ ಸಿಗುವುದು ಕಡಿಮೆ. ರಾತ್ರಿ ಊಟ ಆದ ಮೇಲೆ ಬ್ಯಾಟರಿ ಹಿಡಿದು ಹೋಗಿ. ಕೋಲಿನ ಅಡಿ ನೋಡಿ. ನುಸಿ ಸಾಸಿವೆಗಿಂತ ಸಣ್ಣದು. ರಕ್ತ ಕುಡಿದಾಗ ಕೆಂಪಗಿರುತ್ತದೆ. ಉಣ್ಣಿ ಚಪ್ಪಟೆ, ಕಂದು ಬಣ್ಣ. ಉಣ್ಣಿಯ ಮರಿಗಳು ಮಾತ್ರ ಕೆಲವು ದಿನ ಕೋಳಿಯ ರೆಕ್ಕೆಯ ಅಡಿ ಕಚ್ಚಿಕೊಂಡೇ ಇರುತ್ತವೆ. ಕಪ್ಪು ಚುಕ್ಕೆಯ ಹಾಗೆ ಕಾಣುತ್ತವೆ.

ಉಣ್ಣಿ ಬಹಳ ಗಟ್ಟಿ ಜೀವ. ಊಟವಿಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು. "ಹೋದ ವರ್ಷ ಕೋಳಿ ಎಲ್ಲ ಸತ್ತವು. ಗೂಡು ಖಾಲಿ ಬಿಟ್ಟಿದ್ವಿ. ಈ ವರ್ಷ ಹೊಸ ಕೋಳಿ ತಂದ್ವಿ. ಅವೂ ಸತ್ತವು." ಇಂಥ ಮಾತು ಕೇಳಿದರೆ ನಮಗೆ ಮೊದಲು ಗೋಡೆಯ ಮೇಲೇ ಅನುಮಾನ ಬರುತ್ತದೆ. ಉಣ್ಣಿ ರಕ್ತ ಕುಡಿಯುವುದಷ್ಟೇ ಅಲ್ಲ, ಜ್ವರವನ್ನೂ ಹರಡುತ್ತದೆ. ಜ್ವರ ಬಂದ ಕೋಳಿ ಹಸಿರು ಬಣ್ಣದ ಭೇದಿ ಮಾಡಿಕೊಳ್ಳುತ್ತದೆ, ಜುಟ್ಟು ಬಿಳಿಚುತ್ತದೆ. ಆಗ ಮನೆಮದ್ದು ಮಾಡುತ್ತ ಕೂರಬಾರದು. ಪಶು ಆಸ್ಪತ್ರೆಗೆ ತೋರಿಸಬೇಕು.

ಇನ್ನು ಕೆಲವು ಕೋಳಿಗಳ ಕಾಲು ಒರಟಾಗಿ, ಸುಣ್ಣ ಹಚ್ಚಿದ ಹಾಗೆ ದಪ್ಪಗಾಗುತ್ತದೆ. ಮುಪ್ಪು ಅಂತ ಬಿಡುತ್ತೇವೆ. ಅದೂ ಒಂದು ನುಸಿಯ ಕೆಲಸವೇ. ಬಿಸಿ ಸಾಬೂನು ನೀರಲ್ಲಿ ಕಾಲು ನೆನೆಸಿ, ಮೆತ್ತಗೆ ತಿಕ್ಕಿ, ಒರೆಸಿ, ಅಡುಗೆ ಎಣ್ಣೆ ಹಚ್ಚಿ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಕೆಲವು ವಾರದಲ್ಲಿ ಪದರು ಉದುರುತ್ತದೆ. ಪದರನ್ನು ಕಿತ್ತು ತೆಗೆಯಬೇಡಿ, ರಕ್ತ ಬರುತ್ತದೆ.

ಬೂದಿ, ಸುಣ್ಣ, ಬಿಸಿನೀರು

ಕೋಳಿ ಮಣ್ಣಿನಲ್ಲಿ ಹೊರಳುವುದು ಆಟಕ್ಕಲ್ಲ. ಅದು ಅದರ ಸ್ನಾನ. ಒಣ ಧೂಳು ಪುಕ್ಕದೊಳಗೆ ಹೋಗಿ ಹೇನಿನ ಮೈ ಒಣಗಿಸುತ್ತದೆ. ಮಳೆಗಾಲದಲ್ಲಿ ತಡಸದ ಕಡೆ ನೆಲ ವಾರಗಟ್ಟಲೆ ಹಸಿ ಇರುತ್ತದೆ. ಕೋಳಿಗೆ ಹೊರಳಲು ಜಾಗ ಸಿಗುವುದಿಲ್ಲ. ಹೇನು ಹೆಚ್ಚುತ್ತದೆ. ಆದ್ದರಿಂದ ಮಾಡಿನ ಕೆಳಗೆ ಒಂದು ಒಡೆದ ಬುಟ್ಟಿ ಅಥವಾ ಹಳೆಯ ಟಯರ್ ಇಡಿ. ಅದರಲ್ಲಿ ಸೋಸಿದ ಒಲೆಯ ಬೂದಿ ಮತ್ತು ಒಣ ಮಣ್ಣು ತುಂಬಿ. ಬೂದಿ ಪೂರಾ ಆರಿರಬೇಕು. ನೆನೆದ ಬೂದಿ ಚರ್ಮ ಸುಡುತ್ತದೆ. ಅದಕ್ಕೆ ಮಳೆ ತಾಗದ ಜಾಗ ನೋಡಿ ಇಡಿ.

ಬೂದಿಯೊಂದೇ ಸಾಕು ಎಂದು ನಾವು ಹೇಳುವುದಿಲ್ಲ. ಹೇನು ಸ್ವಲ್ಪ ಇದ್ದರೆ ಸಾಕಾಗುತ್ತದೆ. ಸೀರು ಗೊಂಚಲು ಗೊಂಚಲಾಗಿದ್ದರೆ ಔಷಧ ಬೇಕು.

ಗೂಡಿನ ಕೆಲಸ ಬಿಸಿಲು ಬಿದ್ದ ದಿನ ಮಾಡಿ. ಬೆಳಗ್ಗೆ ಕೋಳಿ ಹೊರಗೆ ಹೋದ ಮೇಲೆ ಹಳೆಯ ಹುಲ್ಲು, ಹಳೆಯ ಗೋಣಿ ದೂರ ಒಯ್ದು ಸುಡಿ. ತಿಪ್ಪೆಗೆ ಎಸೆದರೆ ಕೋಳಿ ಮತ್ತೆ ಅಲ್ಲೇ ಕೆದರಿ ಹೇನು ಹತ್ತಿಸಿಕೊಂಡು ಬರುತ್ತದೆ. ಬುಟ್ಟಿಗೆ, ಕೋಲಿಗೆ ಕುದಿಯುವ ನೀರು ಸುರಿದು ಬಿಸಿಲಿಗೆ ಇಡಿ. ಗೋಡೆಯ ಬಿರುಕುಗಳಿಗೆ ಮಣ್ಣು, ಸಗಣಿ ಕಲಸಿ ತುಂಬಿ. ಒಣಗಿದ ಮೇಲೆ ಸುಣ್ಣ ಬಳಿಯಿರಿ. ಸಂಜೆ ಎಲ್ಲ ಒಣಗಿದೆಯೇ ನೋಡಿ ಕೋಳಿ ಒಳಗೆ ಬಿಡಿ. ಹತ್ತು ದಿನ ಬಿಟ್ಟು ಮತ್ತೆ ಕೋಳಿಯ ಮೈ ನೋಡಿ. ಯಾಕಂದ್ರೆ ಔಷಧಕ್ಕೆ ಹೇನು ಸಾಯುತ್ತದೆ, ಸೀರು ಸಾಯುವುದಿಲ್ಲ. ಸೀರು ಒಡೆದು ಮರಿ ಬಂದಿರುತ್ತದೆ. ಆ ಮರಿ ಮೊಟ್ಟೆ ಇಡುವ ಮೊದಲೇ ಎರಡನೆಯ ಸಲ ಔಷಧ ಬೀಳಬೇಕು. ಒಂದೇ ಸಲ ಮಾಡಿ ಬಿಟ್ಟವರೇ "ಔಷಧ ಹತ್ತಲಿಲ್ಲ" ಎನ್ನುವುದು.

ಹೊಲದ ವಿಷ ಗೂಡಿಗೆ ಬೇಡ

ಹತ್ತಿಗೆ ಹೊಡೆದು ಉಳಿದ ಔಷಧ ಮನೆಯಲ್ಲಿ ಇರುತ್ತದೆ. ಅದನ್ನೇ ನೀರಿಗೆ ಬೆರೆಸಿ ಕೋಳಿಗೆ ಚಿಮುಕಿಸುವವರು ಇದ್ದಾರೆ. ಹೇನು ಸಾಯುತ್ತದೆ, ನಿಜ. ಕೆಲವು ಸಲ ಕೋಳಿಯೂ ಸಾಯುತ್ತದೆ. ಬದುಕಿದ ಕೋಳಿ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುವಾಗ ವಿಷ ಒಳಗೆ ಹೋಗಿರುತ್ತದೆ. ಅದು ಮೊಟ್ಟೆಗೆ ಇಳಿಯಬಹುದು. ಆ ಮೊಟ್ಟೆ ತಿನ್ನುವುದು ನಮ್ಮದೇ ಕೂಸು.

ಹಿಂದೆ ಬಿಎಚ್‌ಸಿ ಪುಡಿ ಎಂದು ಬರುತ್ತಿತ್ತು. ಗ್ಯಾಮಾಕ್ಸಿನ್ ಪುಡಿ ಅಂತಲೂ ಕರೆಯುತ್ತಿದ್ದರು. ಕೋಳಿಗೂ ಹಾಕುತ್ತಿದ್ದರು, ಕಾಳಿಗೂ ಹಾಕುತ್ತಿದ್ದರು. ನಮ್ಮ ದೇಶದಲ್ಲಿ 1997ರಲ್ಲಿ ಅದನ್ನು ನಿಷೇಧ ಮಾಡಿದರು. ಅದು ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ. ಹಳೆಯ ಡಬ್ಬಿ ಅಟ್ಟದ ಮೇಲೆ ಸಿಕ್ಕರೆ ಮುಟ್ಟಬೇಡಿ. ಸೀತಾಫಲದ ಬೀಜದ ಪುಡಿಯೂ ಹೇನು ಕೊಲ್ಲುತ್ತದೆ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆ ಸುಟ್ಟ ಹಾಗಾಗುತ್ತದೆ. ಮನೆಮದ್ದು ಎಂದರೆ ನಿರಪಾಯ ಎಂದು ತಿಳಿಯಬೇಡಿ.

ಪಶು ಆಸ್ಪತ್ರೆಯಲ್ಲಿ ಕೋಳಿಗೆ ಆಗುವ ಪುಡಿ, ದ್ರಾವಣ ಯಾವುದು ಎಂದು ಕೇಳಿ. ಮೂರು ಮಾತು ತಪ್ಪದೆ ಕೇಳಬೇಕು. ಎಷ್ಟು ನೀರಿಗೆ ಎಷ್ಟು? ಮರಿಗೆ ಹಾಕಬಹುದೇ? ಎಷ್ಟು ದಿನ ಮೊಟ್ಟೆ ತಿನ್ನಬಾರದು? 1962 ಎಂಬ ನಂಬರಿಗೆ ಫೋನ್ ಮಾಡಿದರೆ ಪಶು ಸಂಜೀವಿನಿಯವರು ಸಿಗುತ್ತಾರೆ.

ಈಗ ಟಾನಿಕ್ಕಿನ ಮಾತು

ಟಾನಿಕ್ ಬಾಟಲಿಯಲ್ಲಿ ಇರುವುದು ಜೀವಸತ್ವ. ವಿಟಮಿನ್ ಅಂತಲೂ ಹೇಳುತ್ತಾರೆ. ಇದರ ಗುಟ್ಟನ್ನು ಜಗತ್ತಿಗೆ ತೋರಿಸಿದ್ದು ಹಿತ್ತಲ ಕೋಳಿಗಳೇ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ವೈದ್ಯರಿದ್ದರು. ಅಲ್ಲಿ ಬಹಳ ಜನರಿಗೆ ಕಾಲು ಸೋಲುವ ಬೆರಿಬೆರಿ ರೋಗ. ಆಸ್ಪತ್ರೆಯ ಕೋಳಿಗಳಿಗೂ ಕಾಲು ಸೋತವು. ಸ್ವಲ್ಪ ದಿನದ ಮೇಲೆ ತಾವಾಗಿ ಗುಣವಾದವು. ವಿಚಾರಿಸಿದರೆ ನಡುವೆ ಅವುಗಳ ಮೇವು ಬದಲಾಗಿತ್ತು. ರೋಗ ಬಂದಾಗ ತಿನ್ನುತ್ತಿದ್ದದ್ದು ಆಸ್ಪತ್ರೆ ಅಡುಗೆಮನೆಯ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ. ಹೊಸ ಅಡುಗೆಯವನು ಅದನ್ನು ಕೊಡಲು ಒಪ್ಪಲಿಲ್ಲ. ತೌಡು ಇರುವ ಅಕ್ಕಿ ತಿಂದು ಕೋಳಿ ಎದ್ದು ನಿಂತವು. ತೌಡಿನಲ್ಲಿ ಇದ್ದದ್ದನ್ನೇ ಆಮೇಲೆ ಬಿ ಜೀವಸತ್ವ ಎಂದು ಕರೆದರು. 1929ರಲ್ಲಿ ಐಕ್ಮನ್ ಅವರಿಗೆ ನೊಬೆಲ್ ಬಹುಮಾನ ಬಂತು.

ಭತ್ತದ ನಾಡಿನಲ್ಲಿ ತೌಡಿಗೆ ಬರವಿಲ್ಲ. ಗಿರಣಿಯಿಂದ ತಂದ ತೌಡನ್ನು ಎಮ್ಮೆಗೆ ಹಾಕುವಾಗ ಕೋಳಿಗೂ ಒಂದು ಹಿಡಿ ಇಡಿ. ಹಳೆಯದಾಗಿ ಕಮಟು ವಾಸನೆ ಬಂದ ತೌಡು ಬೇಡ. ಬೂಸ್ಟು ಹಿಡಿದ ಗೋವಿನಜೋಳ, ಶೇಂಗಾ ಹಿಂಡಿ ಅಂತೂ ಬೇಡವೇ ಬೇಡ. ಅದು ವಿಷ.

ಬಿಳಿಜೋಳದ ನುಚ್ಚು ಹೊಟ್ಟೆ ತುಂಬಿಸುತ್ತದೆ. ಆದರೆ ಕಣ್ಣಿಗೆ ಬೇಕಾದ ಎ ಜೀವಸತ್ವ ಅದರಿಂದ ಸಿಗುವುದಿಲ್ಲ. ಮಳೆಗಾಲದಲ್ಲಿ ಕೋಳಿಯನ್ನು ಒಳಗೇ ಮುಚ್ಚಿ ಬರೀ ನುಚ್ಚು ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಕಣ್ಣೊಳಗೆ ಗಿಣ್ಣದಂಥ ಬಿಳಿ ಗಟ್ಟಿ ಸೇರುತ್ತದೆ. ನುಗ್ಗೆಯ ತಪ್ಪಲು, ರಾಜಗಿರಿ, ಮೆಂತ್ಯ ಪಲ್ಲೆ ಸಣ್ಣಗೆ ಹೆಚ್ಚಿ ಹಾಕಿ. ಹಳದಿ ಗೋವಿನಜೋಳವೂ ಒಳ್ಳೆಯದು. ಡಿ ಜೀವಸತ್ವವನ್ನು ಕೋಳಿ ಬಿಸಿಲಲ್ಲಿ ತಾನೇ ಮಾಡಿಕೊಳ್ಳುತ್ತದೆ. ಬಿಸಿಲು ಕಾಣದ ಮರಿಗಳ ಎಲುಬು ಮೆತ್ತಗಾಗುತ್ತದೆ. ಇಡುವ ಕೋಳಿಗೆ ಸುಣ್ಣದ ಅಂಶವೂ ಬೇಕು. ಮೊಟ್ಟೆಯ ಸಿಪ್ಪೆ ಹುರಿದು, ಗುರುತು ಸಿಗದ ಹಾಗೆ ಪುಡಿ ಮಾಡಿ ಕೊಡಿ.

ಹಾಗಾದರೆ ಬಾಟಲಿ ಯಾವಾಗ? ಮರಿ ತಂದ ಮೊದಲ ದಿನಗಳಲ್ಲಿ, ಲಸಿಕೆ ಹಾಕಿಸಿದ ಮೇಲೆ, ಸುಡುಬೇಸಿಗೆಯಲ್ಲಿ, ಹೇನು ಉಣ್ಣಿ ತೆಗೆದ ಮೇಲೆ ಸೊರಗಿದ ಕೋಳಿಗೆ, ಕೆಲವು ದಿನ ಕೊಟ್ಟರೆ ಒಳ್ಳೆಯದು. ವರ್ಷವಿಡೀ ಬೇಡ. ಎ ಮತ್ತು ಡಿ ಜೀವಸತ್ವ ಮೈಯಲ್ಲಿ ಕೂಡಿಕೊಳ್ಳುತ್ತವೆ, ಹೆಚ್ಚಾದರೆ ಕೆಡುಕು. ಕೊಕ್ಕರೆ ರೋಗಕ್ಕೆ ಟಾನಿಕ್ ಔಷಧವೇ ಅಲ್ಲ. ಅದಕ್ಕೆ ಮೊದಲೇ ಲಸಿಕೆ ಹಾಕಿಸಬೇಕು.

ಬಾಟಲಿಯ ಚೀಟಿಯಲ್ಲಿ ನೂರು ಕೋಳಿಯ ಲೆಕ್ಕ ಇರುತ್ತದೆ. ನಮ್ಮ ಹತ್ತಿರ ಇರುವುದು ಹತ್ತು. ನೂರಕ್ಕೆ 20 ಮಿ.ಲೀ. ಎಂದು ಬರೆದಿದ್ದರೆ ಹತ್ತಕ್ಕೆ 2 ಮಿ.ಲೀ. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಅಳೆಯಿರಿ, ಮುಚ್ಚಳದಲ್ಲಿ ಅಂದಾಜು ಮಾಡಬೇಡಿ. ದೊಡ್ಡ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಮಧ್ಯಾಹ್ನದೊಳಗೆ ಮುಗಿಯುವಷ್ಟು ನೀರಿಗೆ ಮಾತ್ರ ಬೆರೆಸಿ. ಬಿಸಿಲಲ್ಲಿ ಇಟ್ಟರೆ ಔಷಧದ ಸತ್ವ ಹೋಗುತ್ತದೆ.

ಒಂದು ಬಾಟಲಿ ಒಂದು ಮನೆಗೆ ಹೆಚ್ಚೇ ಆಗುತ್ತದೆ. ನಾಲ್ಕು ಮನೆಯವರು ಕೂಡಿ ತನ್ನಿ. ಕೊಳ್ಳುವಾಗ ಅದರ ಮೇಲಿನ ತಾರೀಖು ಓದಿ. ಅಕ್ಷರ ಇಂಗ್ಲಿಷಿನಲ್ಲಿ ಇದ್ದರೂ ತಿಂಗಳು, ವರ್ಷ ಅಂಕಿಯಲ್ಲಿ ಇರುತ್ತವೆ. ಅವಧಿ ಮುಗಿದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮನೆಗೆ ತಂದ ಮೇಲೆ ಒಂದು ಕಾಗದದ ಚೂರಿನಲ್ಲಿ "ಕೋಳಿ ಔಷಧ" ಎಂದು ನಿಮ್ಮ ಕೈಯಾರೆ ಬರೆಯಿರಿ. ಮುಚ್ಚಳ ತೆಗೆದ ದಿನದ ತಾರೀಖನ್ನೂ ಬರೆದು ಬಾಟಲಿಗೆ ಅಂಟಿಸಿ. ಮಕ್ಕಳ ಕೈಗೆ ಸಿಗದ ಮೇಲಿನ ಗೂಡಿನಲ್ಲಿ ಇಡಿ.