ಬಾಯಿ ತೆರೆಸುವ ಮೊದಲು

ಮನುಷ್ಯನ ನೋವು ಮಾತಾಗಿ ಹೊರಬರುವುದು ಬಾಯಿಂದ. ಆ ಬಾಯಲ್ಲೇ ನೋವಿದ್ದರೆ? ದಂತವೈದ್ಯರ ಕುರ್ಚಿಯ ವೈಚಿತ್ರ್ಯವೇ ಇದು. ಬಾಯಿ ತೆರೆಯಿರಿ ಎಂದೊಡನೆ ರೋಗಿ ತೆರೆಯುತ್ತಾನೆ. ತೆರೆದ ಗಳಿಗೆಯಿಂದ ಅವನ ಮಾತು ನಿಲ್ಲುತ್ತದೆ. ಕನ್ನಡಿ, ಹತ್ತಿ, ಸಲಾಕೆಗಳು ಒಳಹೊಕ್ಕ ಮೇಲೆ ಉಳಿಯುವುವು ಒಂದೆರಡು ಸ್ವರಗಳು ಮಾತ್ರ. ಆದುದರಿಂದ ಈ ವೈದ್ಯದಲ್ಲಿ ಕಥೆ ಕೇಳುವುದಕ್ಕೆ ಒಂದು ಹೊತ್ತುಂಟು. ಅದು ತಪ್ಪಿದರೆ ಮತ್ತೆ ದೊರೆಯದು.

ತರಗತಿಯಲ್ಲಿ ಕಥೆ ಕಾವ್ಯಗಳನ್ನು ಪಾಠ ಹೇಳುವ ನನಗೆ ಈ ವಿಷಯ ಪ್ರಿಯವಾದುದು, ಅದರಲ್ಲಿ ನಮ್ಮ ಕಸುಬಿನ ಛಾಯೆ ಕಂಡುದರಿಂದ. ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗಿ ತನ್ನ ಕಷ್ಟ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರೆಂದು ತಿಳಿದುಬಂತು. ಅವರು ದಂತವೈದ್ಯರಲ್ಲ ನಿಜ. ಅವಸರ ಮಾತ್ರ ಎಲ್ಲರಿಗೂ ಸಮಾನ. ಮುಂದೆ 2000ದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ವೈದ್ಯೆಯೂ ಸಾಹಿತ್ಯದ ವಿದುಷಿಯೂ ಆದ ರೀಟಾ ಶರಾನ್ ಕಥನವೈದ್ಯವೆಂಬ ಶಿಕ್ಷಣಕ್ರಮವನ್ನು ಆರಂಭಿಸಿದರು. ಕಥೆಯನ್ನು ನಿಧಾನವಾಗಿ ಓದಲು ಕಲಿತವರು ರೋಗಿಯ ಮಾತನ್ನೂ ಹಾಗೆಯೇ ಕೇಳಬಲ್ಲರೆಂಬುದು ಅದರ ತಳಹದಿ.

ಇದು ಬರಿಯ ಸೌಜನ್ಯದ ಮಾತಲ್ಲ, ರೋಗನಿರ್ಣಯದ ಮಾತು. 'ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಮರುಕ್ಷಣ ಇಳಿಯುತ್ತದೆ' ಎಂದರೆ ಹಲ್ಲಿನೊಳಗಿನ ತಿರುಳು ಇನ್ನೂ ಚೇತರಿಸಿಕೊಳ್ಳಬಹುದು. 'ಬಿಸಿ ಕಾಫಿ ಕುಡಿದರೆ ಬಹಳ ಹೊತ್ತು ಮಿಡಿಯುತ್ತದೆ, ನಡುರಾತ್ರಿ ಎಬ್ಬಿಸುತ್ತದೆ' ಎಂದರೆ ಅದು ಕೈಮೀರಿದ ಸೂಚನೆ. ಕಚ್ಚಿದಾಗಲ್ಲದೆ ಕಚ್ಚಿ ಬಿಡುವಾಗ ಚುಚ್ಚಿದರೆ ಹಲ್ಲು ಬಿರಿದಿರಬಹುದು. ಆ ಬಿರುಕು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣದೆ ಮಾತಿನಲ್ಲಿಯೇ ಕಾಣುತ್ತದೆ. ಮೆಟ್ಟಿಲು ಹತ್ತುವಾಗ ಮಾತ್ರ ದವಡೆ ನೋಯುತ್ತದೆ ಎನ್ನುವವನ ನೋವಿನ ಮೂಲ ಹಲ್ಲಲ್ಲ, ಹೃದಯವಿರಬಹುದು. ಆ ಒಂದು ವಾಕ್ಯವನ್ನು ಕೇಳಿಸಿಕೊಳ್ಳದೆ ಹಲ್ಲು ಕಿತ್ತು ಕಳುಹಿಸಿದರೆ ಗತಿಯೇನು?

ನೋವಿಗಿರುವಂತೆ ಭಯಕ್ಕೂ ಒಂದು ಕಥೆಯುಂಟು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಇದೆ. ಹಾಗೆ ಹೆದರಿದ ಮುದುಕಿಯನ್ನು ನೋಡಿ ನಕ್ಕರೆ ಆಕೆ ಕೀವು ತುಂಬಿದ ಹಲ್ಲಿನೊಡನೆಯೇ ಮನೆಗೆ ಮರಳುತ್ತಾಳೆ. 'ಯಾರಿಗೆ ಹಾಗಾಯಿತು, ಅಜ್ಜಿ?' ಎಂದು ಕೇಳಿದರೆ ಅಣ್ಣನದೋ ಅತ್ತೆಯದೋ ಕಥೆ ಬಂದೀತು. ಹಲ್ಲು ಬೀಳುವ ವಯಸ್ಸೇ ಕಣ್ಣಿಗೆ ಪೊರೆ ಕವಿಯುವ ವಯಸ್ಸೂ ಹೌದೆಂದು ಆಗ ತಿಳಿಹೇಳಬಹುದು. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವನ ವಿಷಯವೂ ಇಷ್ಟೇ. ಗದರಿದರೆ ಅವನು ಚಟವನ್ನು ಮುಚ್ಚಿಡುತ್ತಾನೆ. ಅದರೊಡನೆ, ಕೆನ್ನೆಯೊಳಗಿನ ವಾಸಿಯಾಗದ ಹುಣ್ಣನ್ನೂ ಮುಚ್ಚಿಟ್ಟಾನು. ಆ ಹುಣ್ಣು ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.

ದಂತವೈದ್ಯದ ವಿದ್ಯಾರ್ಥಿ ಮೊದಲು ಕೈ ಪಳಗಿಸಿಕೊಳ್ಳುವುದು ಕೃತಕ ತಲೆಯ ಮೇಲೆ. ಆ ತಲೆಗೆ ಭಯವಿಲ್ಲ, ಅಜ್ಜಿಯಿಲ್ಲ, ಕಥೆಯಿಲ್ಲ. ಕೈಗೆ ಅಷ್ಟು ಸಾಕು, ಕಿವಿಗೆ ಸಾಲದು. ಮಕ್ಕಳ ದಂತವೈದ್ಯದಲ್ಲಿ 'ಹೇಳು, ತೋರಿಸು, ಮಾಡು' ಎಂಬ ಕ್ರಮವೊಂದು ಬಹುಕಾಲದಿಂದ ರೂಢಿಯಲ್ಲಿದೆ. ಅದರ ಮೊದಲಿಗೆ 'ಕೇಳು' ಎಂಬುದನ್ನೂ ಸೇರಿಸಿ ಕಲಿಸಬೇಕೆಂದು ನನ್ನ ಆಸೆ. ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುವ ವೈದ್ಯರುಂಟು. ಮಾತು ಕಳೆದುಕೊಂಡವನಿಗೆ ಅವರು ಒಂದು ಭಾಷೆಯನ್ನೇ ಕೊಟ್ಟಂತಾಯಿತು.

ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ ಕಾದಿರುವಾಗ ಕಥೆಗೆ ಹೊತ್ತೆಲ್ಲಿ ಎನ್ನಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ರೋಗಿ ಕೇಳುವುದು ಪುರಾಣಕ್ಕೆ ಬೇಕಾದ ಹೊತ್ತನ್ನಲ್ಲ, ಎರಡು ನಿಮಿಷ. ಕಿತ್ತ ಹಲ್ಲನ್ನು ಮರಳಿ ನಾಟುವುದಕ್ಕಿಂತ ಅಷ್ಟು ಹೊತ್ತು ಸುಮ್ಮನೆ ಕುಳಿತು ಕೇಳುವುದು ಸುಲಭವಲ್ಲವೆ?